ಎರಡು ದೇಶ, ಒಂದು ಊರು: ಕ್ಯಾನ್ಸರ್ ಸಂಶೋಧನೆಯನ್ನು ಕೂಡಿ ನಡೆಸುವ ಬಗೆ

ಬೆಳಗಾವಿ ಜಿಲ್ಲೆಯ ಗಡಿಯೂರು ಬೋರಗಾಂವದ ಒಬ್ಬ ಹೆಣ್ಣುಮಗಳಿಗೆ ಬಾಯಲ್ಲಿನ ಹುಣ್ಣು ತಿಂಗಳಾದರೂ ಮಾಯಲಿಲ್ಲ ಎಂದುಕೊಳ್ಳಿ. ಮೊದಲು ಹತ್ತಿರದ ಇಚಲಕರಂಜಿಯ ದವಾಖಾನೆ. ಬಯಾಪ್ಸಿ ಸಾಂಗಲಿಯಲ್ಲಿ. ಆಪರೇಷನ್ನು, ಕರೆಂಟು (ವಿಕಿರಣ) ಕೊಡಿಸುವುದು ಮಿರಜ ಇಲ್ಲವೇ ಕೊಲ್ಹಾಪುರದಲ್ಲಿ. ಅಲ್ಲಿ ಅಡಚಣೆಯಾದರೆ ಬೆಳಗಾವಿ. ಕಾಯಿಲೆ ಒಂದೇ, ಫೈಲುಗಳು ನಾಲ್ಕು, ಅವೂ ಎರಡು ರಾಜ್ಯಗಳಲ್ಲಿ. ನಿಪ್ಪಾಣಿ ಸುತ್ತಿನ ಬೀಡಿ ತಂಬಾಕಿನ ಸೀಮೆಯಲ್ಲಿ ಹೊರದೇಶದ ಸಂಸ್ಥೆಯೊಂದರ ಜೊತೆ ಬಾಯಿ ಕ್ಯಾನ್ಸರಿನ ಅಧ್ಯಯನ ಮಾಡಬೇಕೆಂದರೆ, ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಬಗೆಹರಿಯಬೇಕಾದ ಪ್ರಶ್ನೆ ಇದು: ಈಕೆಯನ್ನು ಒಂದು ಸಲ, ಒಂದೇ ಸಲ, ಲೆಕ್ಕಕ್ಕೆ ಹಿಡಿಯುವವರು ಯಾರು?

ಆ ಲೆಕ್ಕ ಇಡುವುದು ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಯೋಜನೆಯಡಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿನಲ್ಲಿ 1982ರಿಂದ ಇದನ್ನು ನಡೆಸುತ್ತಿದೆ. ರೋಗಿ ಚಿಕಿತ್ಸೆಗೆ ಎಲ್ಲಿಗೇ ಹೋಗಲಿ, ವರ್ಷಕ್ಕಿಂತ ಹೆಚ್ಚು ಕಾಲ ಎಲ್ಲಿ ವಾಸವಿದ್ದರೋ ಆ ಊರಿನ ಲೆಕ್ಕಕ್ಕೆ ಬರಬೇಕು ಎನ್ನುವುದು ಅದರ ನಿಯಮ. ಅಂದಮೇಲೆ ಬೋರಗಾಂವದ ಲೆಕ್ಕ ಸರಿಯಾಗಬೇಕಾದರೆ ಮಿರಜ, ಸಾಂಗಲಿ, ಕೊಲ್ಹಾಪುರದ ಆಸ್ಪತ್ರೆಗಳ ದಾಖಲೆ ಕರ್ನಾಟಕದ ತಂಡದ ಕೈಗೆ ಸಿಗಬೇಕು. ಭಾರತ ಮತ್ತು ಇನ್ನೊಂದು ದೇಶದ ನಡುವಿನ ಯೋಜನೆಯಲ್ಲಿ ಮೊದಲ ಸಹಿ ಎರಡು ರಾಜ್ಯಗಳ ನಡುವೆ ಬೀಳಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇಂಥ ತಳಪಾಯದ ಮೇಲೆ ಏನು ಕಟ್ಟಬಹುದು ಎಂಬುದಕ್ಕೆ ಸೋಲಾಪುರ ಜಿಲ್ಲೆಯ ಬಾರ್ಶಿ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾದದ್ದು ಅಲ್ಲಿ, 1987ರಲ್ಲಿ. ಹನ್ನೆರಡು ವರ್ಷಗಳ ಬಳಿಕ, 1999ರಲ್ಲಿ, ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಮುಂಬೈಯ ಟಾಟಾ ಸ್ಮಾರಕ ಕೇಂದ್ರ ಮತ್ತು ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಕೂಡಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಯಲ್ಲಿ ಅಧ್ಯಯನ ಆರಂಭಿಸಿದವು. 52 ಹಳ್ಳಿ ಗುಂಪುಗಳು, 30ರಿಂದ 59 ವಯಸ್ಸಿನ 1,31,746 ಮಹಿಳೆಯರು. ಗರ್ಭಕೊರಳಿನ ಕ್ಯಾನ್ಸರ್ ಪತ್ತೆಗೆ ಮೂರು ವಿಧಾನಗಳನ್ನು ಮೂರು ಗುಂಪುಗಳಲ್ಲಿ ಬಳಸಿದರು. ನಾಲ್ಕನೆಯದು ತಪಾಸಣೆ ಇಲ್ಲದ ಹೋಲಿಕೆ ಗುಂಪು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಎಂಟು ವರ್ಷಗಳಲ್ಲಿ ಹೋಲಿಕೆ ಗುಂಪಿನಲ್ಲಿ 64 ಮಹಿಳೆಯರು ಆ ಕ್ಯಾನ್ಸರಿನಿಂದ ಸತ್ತಿದ್ದರು. ಒಂದೇ ಒಂದು ಬಾರಿ ಎಚ್‌ಪಿವಿ ವೈರಾಣು ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ 34. ಉಳಿದ ಎರಡು ವಿಧಾನಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಲಕ್ಷಕ್ಕೂ ಹೆಚ್ಚು ಜನರ ನಡುವೆ ಈ ಮೂವತ್ತು ಸಾವುಗಳ ವ್ಯತ್ಯಾಸವನ್ನು ಹಿಡಿಯುವುದು ಪ್ರತಿ ಹಳ್ಳಿಯ ಸಾವಿನ ಕಾರಣವನ್ನೂ ಬರೆದಿಡುವ ವ್ಯವಸ್ಥೆ ಇದ್ದಲ್ಲಿ ಮಾತ್ರ ಸಾಧ್ಯ.

ನಮ್ಮ ಬೆಳಗಾವಿಗೂ ಈ ಅನುಭವ ಹೊಸದಲ್ಲ. ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಜೊತೆ ಸೇರಿ 2002ರಿಂದ 2005ರವರೆಗೆ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಅಧ್ಯಯನ ನಡೆಸಿತು. ಹೆರಿಗೆಯಾದ ಕೂಡಲೇ ನುಂಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಅತಿ ರಕ್ತಸ್ರಾವವನ್ನು ಶೇ. 12ರಿಂದ 6.4ಕ್ಕೆ ಇಳಿಸಿತು. ಮಾತ್ರೆ ಕೊಟ್ಟವರು ಉಪಕೇಂದ್ರದ ನರ್ಸಮ್ಮಂದಿರು. ವಿಷಯ ಕ್ಯಾನ್ಸರ್ ಅಲ್ಲ ನಿಜ; ಆದರೆ ಹೊರದೇಶದ ಪಾಲುದಾರರ ಜೊತೆ ಹಳ್ಳಿಯ ಮಟ್ಟದಲ್ಲಿ ಶಿಸ್ತಿನಿಂದ ಕೆಲಸ ಮಾಡಬಲ್ಲ ತಂಡ ಈ ಜಿಲ್ಲೆಯಲ್ಲೇ ಬೆಳೆದಿದೆ. 2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯೂ ಉದ್ಘಾಟನೆಯಾಗಿದೆ.

ಇನ್ನು ದುಡ್ಡು. ಕೊಡುವವರು ಒಬ್ಬರೇ ಆದರೆ ಪ್ರಶ್ನೆ ಕೇಳುವವರೂ ಅವರೇ ಆಗುತ್ತಾರೆ. 2018ರಲ್ಲಿ ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆ ಮಾಡಿಕೊಂಡ ಒಪ್ಪಂದ ನನಗೆ ಹಿಡಿಸುವುದು ಇಲ್ಲೇ: ಐದು ವರ್ಷಕ್ಕೆ ಒಂದು ಕೋಟಿ ಪೌಂಡ್, ಎರಡೂ ಕಡೆಯಿಂದ ಸಮಪಾಲು, ಗುರಿ ಕೈಗೆಟುಕುವ ಖರ್ಚಿನ ಚಿಕಿತ್ಸೆ ಮತ್ತು ತಡೆ. ಹೊರಗಿನ ದೇಣಿಗೆ ಸ್ವಯಂಸೇವಾ ಸಂಸ್ಥೆಗೆ ಬರುವುದಾದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ ಬೀಳಬೇಕು. 2020ರ ತಿದ್ದುಪಡಿಯ ನಂತರ ಆ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಬೆಳಗಾವಿಗೆ ಬಂದ ಹಣದಲ್ಲಿ ಮಿರಜಕ್ಕೆ ಪಾಲು ಕೊಡುತ್ತೇವೆ ಎಂದು ಹಾಕಿದ ಯೋಜನೆ ಇಲ್ಲಿ ಮುಗ್ಗರಿಸುತ್ತದೆ; ಪಾಲುದಾರರೆಲ್ಲರ ಹೆಸರೂ ಮೊದಲ ದಿನದ ಬಜೆಟ್ಟಿನಲ್ಲೇ ಬೇರೆ ಬೇರೆಯಾಗಿ ಇರಬೇಕು.

ಅನುಮತಿಗಳ ಸರದಿ ಹೀಗೆ: ಪ್ರತಿ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಜೊತೆಗೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆ, ಚಿಕಿತ್ಸೆ ಅಥವಾ ತಪಾಸಣೆಯ ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುನ್ನ ದೇಶದ ಪ್ರಯೋಗ ನೋಂದಣಿಯಲ್ಲಿ ದಾಖಲು. ಬಯಾಪ್ಸಿಯ ಮಾದರಿ ಹೊರದೇಶಕ್ಕೆ ಹೋಗುವುದಾದರೆ ಅದಕ್ಕೆ ಪ್ರತ್ಯೇಕ ಕರಾರು: ಎಷ್ಟು, ಯಾವ ಪರೀಕ್ಷೆಗೆ, ಉಳಿದದ್ದರ ಗತಿ ಏನು. ಇಲ್ಲೇ ಮಾಡಬಹುದಾದ ಪರೀಕ್ಷೆಗೆ ಮಾದರಿಯನ್ನು ವಿಮಾನ ಹತ್ತಿಸುವ ಅಗತ್ಯವಿಲ್ಲ.

ಕಾಗದಪತ್ರಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹೋಲಿಕೆ ಗುಂಪಿನ ಬಗ್ಗೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಣದಿಂದ ಟಾಟಾ ಕೇಂದ್ರ 1998ರಲ್ಲಿ ಮುಂಬೈಯ ಕೊಳೆಗೇರಿಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ, ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳು ನಾಲ್ಕು ವಾರ ತರಬೇತಿ ಪಡೆದು, ಗರ್ಭಕೊರಳಿಗೆ ವಿನೆಗರ್‌ನಲ್ಲಿರುವ ಆಮ್ಲ ಹಚ್ಚಿ ನೋಡುವ ತಪಾಸಣೆ ಮಾಡಿದರು. ಸಾವು ಶೇ. 31ರಷ್ಟು ತಗ್ಗಿತು. ಅದು ದೊಡ್ಡ ಸಾಧನೆ. ಆದರೆ ಅಲ್ಲಿಯೂ ಉಸ್ಮಾನಾಬಾದಿನಲ್ಲಿಯೂ ಹೋಲಿಕೆ ಗುಂಪಿನ ಸಾವಿರಾರು ಮಹಿಳೆಯರಿಗೆ ಸಿಕ್ಕದ್ದು ತಿಳಿವಳಿಕೆ ಮಾತ್ರ, ತಪಾಸಣೆ ಅಲ್ಲ. ತಪಾಸಣೆಯಿಂದ ಜೀವ ಉಳಿಯುತ್ತದೆಂದು ಬೇರೆ ದೇಶಗಳಲ್ಲಿ ಆಗಲೇ ಗೊತ್ತಿದ್ದಾಗ ಇದು ನ್ಯಾಯವೇ ಎಂಬ ಕಟು ಟೀಕೆ ಬಂತು. ಭಾರತದ ಬಡವರಿಗೆ ಆಗ ಇದ್ದ ಸೌಲಭ್ಯವೇ ಅಷ್ಟು ಎಂಬುದು ಸಂಶೋಧಕರ ಉತ್ತರ. ನನಗೆ ಆ ಉತ್ತರ ಸಾಲದು. ಯೋಜನೆ ಹಾಕುವಾಗಲೇ ಇದಕ್ಕೆ ದಾರಿ ಹುಡುಕಬಹುದು: ಎಲ್ಲ ಹಳ್ಳಿಗಳಿಗೂ ತಪಾಸಣೆ ಸಿಗಲಿ, ಆದರೆ ಸರದಿಯಂತೆ ಒಂದಾದ ಮೇಲೊಂದಕ್ಕೆ, ಅಥವಾ ಎರಡು ಒಳ್ಳೆಯ ವಿಧಾನಗಳನ್ನೇ ಒಂದಕ್ಕೊಂದು ಹೋಲಿಸಲಿ.

ಬೋರಗಾಂವದ ಮಟ್ಟಿಗೆ ಈ ಮಾತು ಇನ್ನೂ ಹತ್ತಿರದ್ದು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಇದೇ ಲಿಯಾನ್ ಸಂಸ್ಥೆಯೊಂದಿಗೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರ ಬಾಯನ್ನು ಆರೋಗ್ಯ ಕಾರ್ಯಕರ್ತರು ಕಣ್ಣಿನಿಂದ ನೋಡಿ ಪರೀಕ್ಷಿಸಿದಾಗ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಇದು ಗೊತ್ತಾದ ಮೇಲೆ ಇಲ್ಲಿ ಮತ್ತೊಮ್ಮೆ ತಪಾಸಣೆ ಇಲ್ಲದ ಗುಂಪು ಇಡುವುದು ತಪ್ಪು. ಕೇಳಬೇಕಾದ ಪ್ರಶ್ನೆ ಬೇರೆ: ಬೆಳಿಗ್ಗೆ ಹೊಲಕ್ಕೆ, ತಂಬಾಕಿನ ವಖಾರಿಗೆ ಹೋಗಿ ಸಂಜೆ ಬರುವವರ ಬಾಯನ್ನು ಯಾರು, ಯಾವಾಗ ನೋಡುವುದು? ಅನುಮಾನ ಬಂದವರನ್ನು ಗಡಿಯ ಯಾವ ಕಡೆಯ ಆಸ್ಪತ್ರೆ ಸೇರಿಸಿಕೊಳ್ಳುತ್ತದೆ?

ಪ್ರಶ್ನಾವಳಿಯನ್ನೂ ಇಲ್ಲಿಯೇ ಕುಳಿತು ಬರೆಯಬೇಕು. ‘ಸೇದುತ್ತೀರಾ, ಜಗಿಯುತ್ತೀರಾ’ ಎಂದು ಎರಡೇ ಪ್ರಶ್ನೆ ಕೇಳಿದರೆ, ಸುಟ್ಟ ತಂಬಾಕಿನ ಮಶೇರಿಯಿಂದ ದಿನವೂ ಹಲ್ಲು ತಿಕ್ಕುವ ಅಜ್ಜಿ ಎರಡಕ್ಕೂ ‘ಇಲ್ರೀ’ ಎನ್ನುತ್ತಾಳೆ. ಅದು ಸುಳ್ಳೂ ಅಲ್ಲ. ದಿನವಿಡೀ ತಂಬಾಕಿನ ಧೂಳಿನಲ್ಲಿ ಬೀಡಿ ಕಟ್ಟುವ ಕೈಗಳೂ ಆ ಫಾರ್ಮಿನಲ್ಲಿ ಕಾಣುವುದಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕೆಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಡೆಯದಾಗಿ, ಬೆನ್ನುಹತ್ತಿ ನೋಡುವ ವರ್ಷಗಳು. 2009ರಲ್ಲಿ ಲಿಯಾನ್ ಸಂಸ್ಥೆ ಭಾರತದ ಹಲವು ಕೇಂದ್ರಗಳಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯ ಎರಡು ಮತ್ತು ಮೂರು ಡೋಸ್‌ಗಳನ್ನು ಹೋಲಿಸುವ ಅಧ್ಯಯನ ಆರಂಭಿಸಿತು, ಬಾರ್ಶಿಯೂ ಅದರಲ್ಲಿತ್ತು. ಇನ್ನೊಂದು ಲಸಿಕೆ ಯೋಜನೆಯ ವಿವಾದದಿಂದ 2010ರ ಏಪ್ರಿಲ್‌ನಲ್ಲಿ ಸರ್ಕಾರ ಇಂಥ ಲಸಿಕೆ ಹಾಕುವುದನ್ನೇ ನಿಲ್ಲಿಸಿತು. ಸುಮಾರು 5 ಸಾವಿರ ಹುಡುಗಿಯರು ಒಂದೇ ಡೋಸ್‌ಗೆ ನಿಂತುಬಿಟ್ಟರು. ತಂಡ ಅವರನ್ನು ಕೈಬಿಡದೆ ವರ್ಷ ವರ್ಷವೂ ಗಮನಿಸುತ್ತ ಹೋಯಿತು. ಒಂದು ಡೋಸ್ ಕೂಡ ಬಲವಾದ ರಕ್ಷಣೆ ಕೊಡುತ್ತದೆ ಎಂದು ತಿಳಿದದ್ದು ಹಾಗೆ; 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಪದ್ಧತಿಯನ್ನು ಒಪ್ಪಿಕೊಂಡಾಗ ಮುಂದಿದ್ದ ಮುಖ್ಯ ಆಧಾರಗಳಲ್ಲಿ ಈ ಹುಡುಗಿಯರ ಲೆಕ್ಕವೂ ಒಂದು. ಬೋರಗಾಂವದ ಯೋಜನೆಗೂ ಹತ್ತು ವರ್ಷದ ಬಜೆಟ್ ಬೇಕು. ಅದರಲ್ಲಿ ಹಳ್ಳಿ ಹಳ್ಳಿಗೆ ಹೋಗಿ ಬಾಗಿಲು ತಟ್ಟುವ ಆಶಾ ಕಾರ್ಯಕರ್ತೆಯರ ಹತ್ತನೇ ವರ್ಷದ ಸಂಭಾವನೆಯೂ ಮೊದಲ ವರ್ಷವೇ ಬರೆದಿರಬೇಕು.