ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬವಳಿ ಬಂದರೆ: ತಪ್ಪು ಕಲ್ಪನೆ ಮತ್ತು ಸತ್ಯ

ಹಲ್ಲು ಕೀಳಿಸಿಕೊಳ್ಳಲು ಬಂದವರನ್ನು ‘ಬಿ.ಪಿ., ಶುಗರ್ ಇದೆಯೇ? ದಿನಾ ಯಾವ ಮಾತ್ರೆ ತಗೋತೀರಿ?’ ಎಂದು ಕೇಳಿದರೆ, ‘ಹಲ್ಲಿಗೂ ಅದಕ್ಕೂ ಏನು ಸಂಬಂಧ ಡಾಕ್ಟ್ರೇ?’ ಎನ್ನುವವರು ಬಹಳ. ಸಂಬಂಧ ಖಂಡಿತ ಇದೆ. ಕುರ್ಚಿಯಲ್ಲಿ ಎದುರಾಗುವ ಎಷ್ಟೋ ಅಪಾಯಗಳನ್ನು ಆ ಪ್ರಶ್ನೆಗೆ ಕೊಡುವ ನೇರ ಉತ್ತರವೇ ತಪ್ಪಿಸುತ್ತದೆ.

ತಪ್ಪು ಕಲ್ಪನೆ: ಹಲ್ಲು ಕೀಳಿಸಲು ಖಾಲಿ ಹೊಟ್ಟೆಯಲ್ಲೇ ಹೋಗಬೇಕು.

ಸತ್ಯ: ಬಾಯಿಯ ಒಂದು ಭಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್‌ಗೆ ಉಪವಾಸ ಬೇಕಿಲ್ಲ. ಪೂರ್ಣ ಅರಿವಳಿಕೆ ಕೊಡುವುದಿದ್ದರೆ ವೈದ್ಯರೇ ಮೊದಲು ತಿಳಿಸುತ್ತಾರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ತಿಂಡಿ ಬಿಟ್ಟು ಬಂದರೆ ಶುಗರ್ 70ಕ್ಕಿಂತ ಕೆಳಗಿಳಿಯಬಹುದು. ಕೈ ನಡುಗುತ್ತದೆ, ಮೈ ತಣ್ಣಗೆ ಬೆವರುತ್ತದೆ, ಮಾತು ತೊದಲುತ್ತದೆ. ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಆಗ ಗ್ಲೂಕೋಸನ್ನು ರಕ್ತನಾಳದ ಮೂಲಕವೇ ಕೊಡಬೇಕು.

ತಪ್ಪು ಕಲ್ಪನೆ: ಬವಳಿ ಬಂದವರನ್ನು ಎಬ್ಬಿಸಿ ಕೂರಿಸಿ ನೀರು ಕುಡಿಸಬೇಕು.

ಸತ್ಯ: ದಂತ ಚಿಕಿತ್ಸೆಯಲ್ಲಿ ಅತಿ ಹೆಚ್ಚು ಕಾಣುವ ತುರ್ತುಸ್ಥಿತಿ ಇದೇ. ಸಿರಿಂಜ್ ಕಂಡೊಡನೆ ಮುಖ ಬಿಳಿಚುತ್ತದೆ, ಹಣೆಯ ಮೇಲೆ ಬೆವರು ಮೂಡುತ್ತದೆ, ಆಕಳಿಕೆ ಬರುತ್ತದೆ. ಹೆದರಿಕೆಗೆ ನಾಡಿ ನಿಧಾನವಾಗಿ, ರಕ್ತದೊತ್ತಡ ಕುಸಿದು, ಮಿದುಳಿಗೆ ರಕ್ತ ಸಾಲದೆ ಹೋಗಿರುತ್ತದೆ. ಬಾಯಲ್ಲಿರುವ ಹತ್ತಿ ತೆಗೆದು, ಕುರ್ಚಿಯನ್ನು ಪೂರ್ತಿ ಮಲಗಿಸಿ, ಕಾಲುಗಳನ್ನು ಎತ್ತರಿಸಬೇಕು. ತುಂಬು ಗರ್ಭಿಣಿಯಾದರೆ ಎಡ ಮಗ್ಗುಲಿಗೆ ತಿರುಗಿಸಬೇಕು. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಬಿಡದಿದ್ದರೆ ಬೇರೆ ಕಾರಣವಿದೆ ಎಂದೇ ಅರ್ಥ.

ತಪ್ಪು ಕಲ್ಪನೆ: ಇಂಜೆಕ್ಷನ್ ಕೊಟ್ಟಾಗ ಎದೆ ಡವಡವ ಎಂದಿತು, ನನಗೆ ಅದು ಅಲರ್ಜಿ.

ಸತ್ಯ: ಮರಗಟ್ಟಿಸುವ ಲಿಗ್ನೊಕೇನ್‌ಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಅದರ ಜತೆ ಬೆರೆಸಿರುವ ಅಲ್ಪ ಅಡ್ರಿನಲಿನ್, ಇಲ್ಲವೇ ಭಯ, ಎದೆಬಡಿತ ಹೆಚ್ಚಿಸಿರುತ್ತದೆ. ಮೈಯೆಲ್ಲ ದದ್ದು, ನಾಲಿಗೆ ಊತ, ಉಸಿರಾಟದ ತೊಂದರೆ ಕಂಡರೆ ಮಾತ್ರ ಅದು ಗಂಭೀರ ಅಲರ್ಜಿ. ಆಗ ಜೀವ ಉಳಿಸುವ ಮೊದಲ ಔಷಧವೂ ಅಡ್ರಿನಲಿನ್ನೇ: ವಯಸ್ಕರಿಗೆ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ.

ತಪ್ಪು ಕಲ್ಪನೆ: ರಕ್ತ ತೆಳುವಾಗಿಸುವ ಮಾತ್ರೆಯನ್ನು ನಾವೇ ನಾಲ್ಕು ದಿನ ಮೊದಲೇ ನಿಲ್ಲಿಸಿದರೆ ಒಳ್ಳೆಯದು.

ಸತ್ಯ: ಹಲ್ಲು ಕಿತ್ತ ಗುಳಿಯ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟದ್ದರಿಂದ ಹೃದಯದಲ್ಲೋ ಮಿದುಳಿನಲ್ಲೋ ರಕ್ತ ಹೆಪ್ಪುಗಟ್ಟಿದರೆ ಪ್ರಾಣಕ್ಕೇ ಕುತ್ತು. ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ತಪ್ಪು ಕಲ್ಪನೆ: ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಟ್ಟರೆ ನಿಲ್ಲುತ್ತದೆ.

ಸತ್ಯ: ಫಿಟ್ಸ್ ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ, ಕೀರ್ತಿ ಬೀಗದ ಕೈಗೆ ಹೋಗುತ್ತದೆ. ಬಾಯಿಂದ, ಪಕ್ಕದ ತಟ್ಟೆಯಿಂದ ಉಪಕರಣಗಳನ್ನು ಸರಿಸಿ. ಹಿಡಿದು ಅದುಮಬೇಡಿ, ಹಲ್ಲುಗಳ ನಡುವೆ ಏನನ್ನೂ ತುರುಕಬೇಡಿ. ಅದುರು ನಿಂತ ಮೇಲೆ ಮಗ್ಗುಲಿಗೆ ತಿರುಗಿಸಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.

ಮುಂದಿನ ಸಲ ದಂತವೈದ್ಯರ ಬಳಿ ಹೋಗುವಾಗ ತಿಂಡಿ ತಿಂದು ಹೋಗಿ, ನಿತ್ಯದ ಮಾತ್ರೆಗಳ ಚೀಟಿ ಜೇಬಿನಲ್ಲಿರಲಿ. ಕೇಳದಿದ್ದರೂ ಇರುವ ಕಾಯಿಲೆಯನ್ನು ನೀವೇ ಹೇಳಿ.