ಒಂಟಿ ದೋಣಿಯ ಪಂದ್ಯ

ದೋಣಿಪಂದ್ಯಗಳಲ್ಲಿ ಒಬ್ಬನೇ ಕುಳಿತು ಎರಡು ಹುಟ್ಟುಗಳನ್ನು ಹಾಕುವ ಪಂದ್ಯವು ಬಹು ಕಠಿಣವಾದುದು. ಇದರ ದೋಣಿ ಸುಮಾರು 8 ಮೀಟರು ಉದ್ದವಿರುತ್ತದೆ. ಅಗಲವಾದರೋ ಒಬ್ಬನು ಕುಳಿತುಕೊಳ್ಳುವಷ್ಟು ಮಾತ್ರ. ಅದರ ತೂಕ 14 ಕಿಲೋಗ್ರಾಮಿಗೆ ಕಡಮೆಯಿರಬಾರದೆಂಬುದು ನಿಯಮ. ಇಷ್ಟು ಹಗುರವಾದ ದೋಣಿಯು ತಾನಾಗಿ ನೆಟ್ಟಗೆ ನಿಲ್ಲಲಾರದು. ಇಕ್ಕೆಲಗಳಲ್ಲಿ ಚಾಚಿದ ಹುಟ್ಟುಗಳೇ ಅದರ ಸಮತೋಲಕ್ಕೆ ಆಧಾರ. ಒಂದು ಹುಟ್ಟು ಕೈಜಾರಿದರೂ ದೋಣಿ ಮಗುಚಬಹುದು.

ಹೊಸಬನಿಗೆ ತೊಡಕುಗಳು ಹಲವು. ಅವನು ಗುರಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಆದುದರಿಂದ ಹಿಂದುಳಿದವರು ಕಾಣುವರೇ ಹೊರತು ಮುಂದಿರುವವರು ಕಾಣುವುದಿಲ್ಲ. ಹುಟ್ಟು ಹಾಕುವುದು ತೋಳುಗಳ ಕೆಲಸವೆಂದು ಅವನು ಭಾವಿಸುತ್ತಾನೆ. ವಾಸ್ತವವಾಗಿ ಬಲದ ಬಹುಭಾಗ ಬರುವುದು ಕಾಲುಗಳಿಂದ. ಪೀಠವು ಹಿಂದಕ್ಕೂ ಮುಂದಕ್ಕೂ ಜಾರುವಂತೆ ಮಾಡಿರುವುದು ಇದಕ್ಕಾಗಿಯೇ. ಆರಂಭದಲ್ಲಿಯೇ ಶಕ್ತಿಯನ್ನೆಲ್ಲ ವ್ಯಯಮಾಡಿದವನಿಗೆ 2000 ಮೀಟರುಗಳ ದಾರಿ ಮುಗಿಯದಂತೆ ತೋರುತ್ತದೆ. ದಣಿದಾಗ ಹುಟ್ಟನ್ನು ಕೈಬದಲಿಸಿಕೊಳ್ಳಲು ಜೊತೆಗಾರನೂ ಇಲ್ಲ.

2012ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಆಫ್ರಿಕದ ನೈಜರ್ ದೇಶದ ಹಮದು ಜಿಬೊ ಇಸಾಕ ಅವರು ಈ ಪಂದ್ಯಕ್ಕೆ ಇಳಿದರು. ಅವರು ಮೂಲತಃ ಈಜುಗಾರರು. ಹುಟ್ಟು ಹಿಡಿಯಲು ಕಲಿತು ಕೆಲವೇ ತಿಂಗಳುಗಳಾಗಿದ್ದುವು. ಮೊದಲ ಸುತ್ತಿನಲ್ಲಿ ಉಳಿದವರೆಲ್ಲರೂ ಗುರಿ ಮುಟ್ಟಿದರು. ಅವರ ದೋಣಿ ಮಾತ್ರ ಬಹಳ ಹಿಂದೆ ಮೆಲ್ಲಮೆಲ್ಲನೆ ಸಾಗುತ್ತಿತ್ತು. ಡಾರ್ನಿ ಸರೋವರದ ದಡದಲ್ಲಿದ್ದ ಸಾವಿರಾರು ಜನ ಅವರನ್ನು ಅಪಹಾಸ್ಯಮಾಡಲಿಲ್ಲ. ಗಟ್ಟಿಯಾಗಿ ಕೂಗಿ ಹುರಿದುಂಬಿಸಿದರು. ಎಂಟು ನಿಮಿಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡು ಅವರು ಗುರಿ ಮುಟ್ಟಿದರು. ಅಷ್ಟಕ್ಕೇ ನಿಲ್ಲದೆ ಮುಂದಿನ ಸುತ್ತುಗಳಲ್ಲಿಯೂ ನೀರಿಗಿಳಿದರು.

ಪದಕವು ಒಬ್ಬರಿಗೆ ಸಲ್ಲಬಹುದು. ಆದರೆ ಹಿಡಿದ ಹುಟ್ಟನ್ನು ದಡ ಸೇರುವವರೆಗೆ ಬಿಡದಿರುವುದು ಹೊಸಬನಿಗೂ ಸಾಧ್ಯವಾದ ಗೆಲುವು.