ಕಲಿಸದೆ ಬಂದ ಪಾಠ: ತರಗತಿಯಲ್ಲಿ ‘ಚೋಮನ ದುಡಿ’

ಪೂರ್ವಗ್ರಹವೆಂದರೆ ವಿಚಾರಕ್ಕೆ ಮೊದಲೇ ಮನಸ್ಸು ಹಿಡಿದುಕೊಂಡ ತೀರ್ಮಾನ. ಒಬ್ಬ ವ್ಯಕ್ತಿಯೊಡನೆ ಬೆರೆತು ಅವನ ಗುಣದೋಷಗಳನ್ನು ತಿಳಿಯುವ ಮುನ್ನವೇ ಅವನು ಇಂಥವನೆಂದು ನಿಶ್ಚಯಿಸಿಬಿಡುವುದು ಅದರ ಲಕ್ಷಣ. ಇದು ಹುಟ್ಟಿನೊಡನೆ ಬಂದುದಲ್ಲ, ಕಲಿತು ಬಂದುದು. ಆದರೆ ಯಾವ ಗುರುವೂ ಇದನ್ನು ಪಾಠವಾಗಿ ಹೇಳಿಕೊಟ್ಟಿರುವುದಿಲ್ಲ. ಹಾಗಾದರೆ ಕಲಿಸಿದವರು ಯಾರು? ಈ ಪ್ರಶ್ನೆಯನ್ನು ನನ್ನ ಅಧ್ಯಾಪಕ ಜೀವನದಲ್ಲಿ ನೇರವಾಗಿ ನನ್ನ ಮುಂದಿಟ್ಟದ್ದು ಒಂದು ಕಾದಂಬರಿ ಮತ್ತು ಅದನ್ನು ನನ್ನೊಡನೆ ಓದಿದ ಮಕ್ಕಳು.

ಆ ಕಾದಂಬರಿ ಶಿವರಾಮ ಕಾರಂತರ (1902–1997) ‘ಚೋಮನ ದುಡಿ’. ಪ್ರಕಟವಾದದ್ದು 1933ರಲ್ಲಿ. ದಲಿತರಿಗಾಗಿ ಶಾಲೆಗಳನ್ನು ತೆರೆದ ಕುದ್ಮುಲ್ ರಂಗರಾಯರು (1859–1928) ದುಡಿದ ಅದೇ ದಕ್ಷಿಣ ಕನ್ನಡದ ನೆಲದಲ್ಲಿ ಕಥೆ ನಡೆಯುತ್ತದೆ. ಚೋಮನು ಸಂಕಪ್ಪಯ್ಯನೆಂಬ ಒಡೆಯನ ಜೀತದಾಳು. ಅವನ ಬಳಿ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಉಳಲು ಭೂಮಿಯೊಂದಿಲ್ಲ. ಅಸ್ಪೃಶ್ಯನಾಗಿ ಹುಟ್ಟಿದವನು ಬೇಸಾಯಗಾರನಾಗಕೂಡದೆಂಬುದು ಆ ಕಾಲದ ಕಟ್ಟುಪಾಡು. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳೂ ಅವನ ಕೈತಪ್ಪುತ್ತಾರೆ. ಕಿರಿಯ ಮಗ ನೀಲನು ಮುಟ್ಟಿ ಎತ್ತುವವರಿಲ್ಲದೆ ಹೊಳೆಯ ಪಾಲಾಗುತ್ತಾನೆ. ಕೊನೆಗೆ ಚೋಮನಿಗೆ ಉಳಿಯುವುದು ಅವನ ದುಡಿಯೊಂದೇ.

ಕೊಡಿಗೇಹಳ್ಳಿಯ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯ ಮಕ್ಕಳೊಡನೆ ನಾನಿದನ್ನು ವಾರಕ್ಕೊಂದು ಅವಧಿಯಂತೆ ಓದಿಸಿದೆ. ‘ಕೊಡಿಗೆ’ ಎಂಬ ಹಳೆಯ ಮಾತಿಗೆ ದತ್ತಿಯಾಗಿ ಬಿಟ್ಟುಕೊಟ್ಟದ್ದು ಎಂಬ ಅರ್ಥವುಂಟು. ಇದನ್ನು ಹೇಳಿದಾಗ ಒಬ್ಬ ಹುಡುಗ, “ಹಾಗಾದರೆ ಚೋಮನಿಗೆ ಒಂದು ತುಂಡು ಬಿಟ್ಟುಕೊಡಲು ಏನು ಅಡ್ಡಿ ಸಾರ್?” ಎಂದು ಕೇಳಿದನು. ನಮ್ಮ ಚರ್ಚೆ ಅಲ್ಲಿಂದಲೇ ಪ್ರಾರಂಭವಾಯಿತು.

ತಪ್ಪು ಯಾರದೆಂದು ಕೇಳಿದೆ. ಸಂಕಪ್ಪಯ್ಯನದೆಂದು ಎಲ್ಲರೂ ಒಕ್ಕೊರಲಿನಿಂದ ನುಡಿದರು. ಆದರೆ ಕಾದಂಬರಿಯನ್ನು ಮತ್ತೆ ತೆರೆದು ನೋಡಿದಾಗ ಅವನು ಕ್ರೂರಿಯಲ್ಲವೆಂಬುದು ತಿಳಿಯಿತು. ಚೋಮನ ಮೇಲೆ ಅವನಿಗೆ ಕನಿಕರವಿದೆ, ಭೂಮಿ ಕೊಡುವ ಮನಸ್ಸೂ ಇದೆ. ಅಡ್ಡ ಬರುವವಳು ಅವನ ತಾಯಿ. ಹಾಗಿದ್ದರೆ ತಪ್ಪು ತಾಯಿಯದೆಂದರು ಮಕ್ಕಳು. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು, “ಆ ತಾಯಿಗೆ ಹೇಳಿಕೊಟ್ಟವರು ಯಾರು ಸಾರ್?” ಎಂದಳು. ತರಗತಿ ಮೌನವಾಯಿತು.

ಸಮಾಜಶಾಸ್ತ್ರಜ್ಞರು ಸಾಮಾಜೀಕರಣ ಎನ್ನುವುದು ಇದನ್ನೇ. ಮಗುವು ಮಾತು ಕಲಿಯುವಂತೆಯೇ ಸಮಾಜದ ಮೇಲುಕೀಳುಗಳನ್ನೂ ಕಲಿಯುತ್ತದೆ. ಉಪದೇಶದಿಂದಲ್ಲ, ನೋಟದಿಂದ, ಅನುಕರಣೆಯಿಂದ, ಹಿರಿಯರ ಮುಖಭಾವದಿಂದ. ಮುಂದಿನ ವಾರ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಮನೆಯ ಹಿರಿಯರು ಯಾರನ್ನು ಬಹುವಚನದಿಂದ ಕರೆಯುತ್ತಾರೆ, ಯಾರನ್ನು ವಯಸ್ಸಾಗಿದ್ದರೂ ಏಕವಚನದಿಂದ ಕರೆಯುತ್ತಾರೆ? ಯಾರು ಒಳಗೆ ಬಂದು ಕೂರುತ್ತಾರೆ, ಯಾರು ಬಾಗಿಲಲ್ಲೇ ನಿಲ್ಲುತ್ತಾರೆ? ಗಮನಿಸಿ ಬರೆದು ತನ್ನಿ, ಹೆಸರು ಬೇಡ ಎಂದೆ. ಅಜ್ಜನ ವಯಸ್ಸಿನ ಕೂಲಿಯಾಳನ್ನು ತಾನೂ “ಬಾರೋ” ಎನ್ನುತ್ತಿದ್ದುದು ಬರೆಯಲು ಕುಳಿತಾಗಲೇ ಅರಿವಿಗೆ ಬಂತೆಂದು ಒಬ್ಬನು ಬರೆದಿದ್ದನು. ನಾನೂ ಬರೆದೆ. ನಮ್ಮ ತಂದೆಯವರ ಮನೆಯಲ್ಲಿ ಕೊಟ್ಟಿಗೆಯ ಜಂತಿಗೆ ಸಿಕ್ಕಿಸಿದ ಒಂದು ಲೋಟವಿತ್ತು. ಅದು ಯಾರಿಗೆಂದು ನನಗೆ ಯಾರೂ ಹೇಳಿರಲಿಲ್ಲ; ಆದರೂ ಐದು ವರ್ಷದವನಿಗೆ ಗೊತ್ತಿತ್ತು.

ಇಲ್ಲಿ ನನ್ನಿಂದಾದ ಒಂದು ಅಪರಾಧವನ್ನು ಮುಚ್ಚಿಡಲಾರೆ. ನೀಲನು ಮುಳುಗುವ ಪ್ರಸಂಗವನ್ನು ಓದಿದ ದಿನ ಹಿಂದಿನ ಸಾಲಿನ ಒಬ್ಬ ಹುಡುಗನನ್ನು ಎಬ್ಬಿಸಿ, “ನಿಮ್ಮ ಕಡೆಯವರ ಅನುಭವ ಹೇಗಪ್ಪಾ, ಹೇಳು” ಎಂದೆ. ಅವನ ಜಾತಿ ನನಗೆ ತಿಳಿದಿತ್ತು. ಇಡೀ ತರಗತಿ ತಿರುಗಿ ನೋಡಿತು. ಅವನು ಎರಡು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೆ ನನ್ನ ಬಳಿ ನಿಂತು, “ಚೋಮನ ಬಗ್ಗೆ ಕೇಳಿ ಸಾರ್, ಹೇಳ್ತೀನಿ. ನಮ್ಮನೆ ಬಗ್ಗೆ ಯಾಕೆ ಕೇಳಿದ್ರಿ?” ಎಂದನು. ಪೂರ್ವಗ್ರಹದ ಮೇಲೆ ಪಾಠ ಮಾಡುತ್ತಿದ್ದವನಲ್ಲೇ ಪೂರ್ವಗ್ರಹ ಕುಳಿತಿತ್ತು! ಉಳಿದವರನ್ನು ಓದುಗರೆಂದು ಬಗೆದು, ಅವನೊಬ್ಬನನ್ನು ಉದಾಹರಣೆಯೆಂದು ಬಗೆದಿದ್ದೆ. ಮರುದಿನ ತರಗತಿಯೆದುರು ಕ್ಷಮೆ ಕೇಳಿದೆ, ಅವನತ್ತ ಕೈತೋರದೆ. ಕೆಲವು ವಾರಗಳ ನಂತರ, ದುಡಿಯ ನಾದ ಚೋಮನ ದುಃಖದ ಸಂಕೇತವೆಂದು ಎಲ್ಲರೂ ಹೇಳುತ್ತಿದ್ದಾಗ ಅವನೇ ಎದ್ದು, “ದುಃಖಕ್ಕಲ್ಲ ಸಾರ್. ಅವನು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೇ ಬಾರಿಸ್ತಾನೆ” ಎಂದನು. ಅಷ್ಟು ವರ್ಷ ಆ ಪುಸ್ತಕವನ್ನು ಓದಿದ್ದರೂ ಈ ಅರ್ಥ ನನಗೆ ಹೊಳೆದಿರಲಿಲ್ಲ.

ಎಳೆಯ ಮನಸ್ಸು ಇಂಥದನ್ನು ಎಷ್ಟು ಬೇಗ ಹೀರಿಕೊಳ್ಳುವುದೆಂಬುದಕ್ಕೆ ಹೊರದೇಶದ ಸಾಕ್ಷ್ಯವೂ ಉಂಟು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳು ಮೂರರಿಂದ ಏಳು ವರ್ಷದ ಕರಿಯ ಮಕ್ಕಳ ಮುಂದೆ ಬಿಳಿಯ ಮತ್ತು ಕಂದು ಬಣ್ಣದ ಬೊಂಬೆಗಳನ್ನಿಟ್ಟು ಚೆಂದದ್ದನ್ನು ಆರಿಸಹೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಬೊಂಬೆಯನ್ನೇ ಆರಿಸಿದರು. ಕೀಳೆಂಬ ಭಾವವನ್ನು ತುಳಿಯುವವನಷ್ಟೇ ಅಲ್ಲ, ತುಳಿಸಿಕೊಂಡವನೂ ಕಲಿಯುತ್ತಾನೆಂಬುದು ಇದರಿಂದ ಸ್ಪಷ್ಟ. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿರುವುದು ಸಲ್ಲದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿ ತೀರ್ಪಿತ್ತಾಗ ಈ ಅಧ್ಯಯನವನ್ನೂ ಉಲ್ಲೇಖಿಸಿತು. ಅದೇ ವರ್ಷ ಪೂರ್ವಗ್ರಹದ ಸ್ವರೂಪವನ್ನು ಕುರಿತು ಗ್ರಂಥವನ್ನು ಪ್ರಕಟಿಸಿದ ಗಾರ್ಡನ್ ಆಲ್‌ಪೋರ್ಟ್, ಜನ ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಪೂರ್ವಗ್ರಹ ಅಳಿಯದು, ಸಮಾನ ಸ್ಥಾನದಲ್ಲಿ ನಿಂತು ಒಂದೇ ಗುರಿಗಾಗಿ ಕೂಡಿ ದುಡಿದಾಗ ಅದು ಸಡಿಲವಾಗುತ್ತದೆ ಎಂದು ವಿವರಿಸಿದರು. ಒಂದೇ ಬೆಂಚಿನಲ್ಲಿ ಕೂರಿಸಿದರೆ ಸಾಲದು, ಒಂದೇ ಪ್ರಶ್ನೆಗೆ ಕೂಡಿ ಉತ್ತರ ಹುಡುಕಬೇಕು.

ಕಾನೂನು ತನ್ನ ಕೆಲಸ ಮಾಡಿದೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 1976ರ ಕಾಯಿದೆ ಜೀತವನ್ನು ನಿಷೇಧಿಸಿತು. ಕರ್ನಾಟಕದ 1974ರ ಭೂಸುಧಾರಣೆ ಗೇಣಿದಾರನಿಗೆ ಒಡೆತನ ಕೊಟ್ಟಿತು. ಆದರೆ ಗೇಣಿಗೂ ಭೂಮಿ ಸಿಗದಿದ್ದ ಚೋಮನಂಥವನಿಗೆ ಅದರ ಫಲ ಎಟುಕುತ್ತಿರಲಿಲ್ಲ. ಇದನ್ನು ನನಗೆ ಮೊದಲು ತೋರಿಸಿಕೊಟ್ಟವರೂ ಮಕ್ಕಳೇ.

ಕಲ್ಯಾಣದಲ್ಲಿ ಹರಳಯ್ಯನ ಮನೆಗೂ ಮಧುವರಸನ ಮನೆಗೂ ನೆಂಟಸ್ತನ ಕೂಡಿದುದನ್ನೂ, ಅದಕ್ಕೆ ಅವರು ತೆತ್ತ ಬೆಲೆಯನ್ನೂ ಶರಣಪರಂಪರೆ ನೆನೆಯುತ್ತದೆ. ಅದನ್ನು ಎಷ್ಟೋ ಸಲ ಭಾಷಣದಲ್ಲಿ ಹೇಳಿದ್ದ ನಾನು ಕೊಟ್ಟಿಗೆಯ ಲೋಟವನ್ನು ಒಂದು ಸಲವೂ ನೆನೆದಿರಲಿಲ್ಲ. ಅನುಭಾವ ಗೋಷ್ಠಿಯೆಂದರೆ ಪರರ ದೋಷದ ಎಣಿಕೆಯಲ್ಲ, ಅಂತರಂಗದ ಶೋಧನೆ. ತರಗತಿಯ ಚರ್ಚೆಯೂ ಹಾಗೆಯೇ ಆಗಬೇಕು. ಅಧ್ಯಾಪಕ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕಾದಂಬರಿಯನ್ನು ಓದಿಸಿರಿ, ತಪ್ಪಿತಸ್ಥನನ್ನು ಹುಡುಕುವಲ್ಲಿಗೇ ನಿಲ್ಲದೆ ಅವನಿಗೆ ಕಲಿಸಿದ್ದೇನೆಂದು ಕೇಳಿಸಿರಿ, ನೊಂದವನ ಮಗುವನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿರಿ, ಮೊದಲ ಉತ್ತರವನ್ನು ನೀವೇ ನಿಮ್ಮ ಮನೆಯಿಂದ ತನ್ನಿರಿ.